ಹೆಜ್ಜೆ ಬಂತು, ಹೆಜ್ಜೆ ಹಾಕಿದವರು ಬರಲಿಲ್ಲ

ಪ್ರತಿಭಾ ಕಾರಂಜಿಯ ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ತೀರ್ಪುಗಾರನಾಗಿ ಬನ್ನಿ ಅಂತ ಕರೆದಿದ್ದರು. ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಪಡಸಾಲೆಯೇ ವೇದಿಕೆ, ಮೂಲೆಯಲ್ಲಿ ಒಂದು ಬ್ಲೂಟೂತ್ ಸ್ಪೀಕರ್. ಜಾನಪದ ನೃತ್ಯಕ್ಕೆ ಆರು ತಂಡ ಬಂದಿದ್ದವು. ಎರಡು ತಂಡಗಳು ಒಂದೇ ಹಾಡಿಗೆ ಲಂಬಾಣಿ ಕುಣಿತ ಮಾಡಿದವು. ಮೂರನೆಯದು ಜೋಗತಿ ನೃತ್ಯ, ಎಲ್ಲಮ್ಮ, ಹುಲಿಗೆಮ್ಮನಂಥ ದೇವಿಗೆ ಬಿಟ್ಟವರ ಕುಣಿತ. ಎಂಟು ಹುಡುಗಿಯರು, ತಲೆ ಮೇಲೆ ಪ್ಲಾಸ್ಟಿಕ್ ಕೊಡ. ಕೊಡಕ್ಕೆ ಅರಿಶಿನ ಬಳಿದು ಬೇವಿನ ಸೊಪ್ಪು ಸಿಕ್ಕಿಸಿದ್ದರು. ಬೀಳದಿರಲಿ ಅಂತ ಗದ್ದದ ಕೆಳಗೆ ಲಾಡಿ ಕಟ್ಟಿದ್ದರು.

ಕೊಡ ಬೀಳಲಿಲ್ಲ. ಬೀಳುವ ಹಾಗೇ ಇರಲಿಲ್ಲ. ಆದರೆ ಜೋಗತಿ ಕುಣಿತದ ಜೀವ ಇರುವುದೇ ಈಗ ಬಿತ್ತು, ಆಗ ಬಿತ್ತು ಅನ್ನಿಸುವುದರಲ್ಲಿ. ಕುತ್ತಿಗೆ ಗಟ್ಟಿ ನಿಂತಿರಬೇಕು, ಸೊಂಟ ಮೊಣಕಾಲು ಪಾದ ಎಲ್ಲಾ ಆಡಬೇಕು. ಲಾಡಿ ಕಟ್ಟಿದ ಕೂಡಲೇ ಕುತ್ತಿಗೆಗೆ ಕೆಲಸ ಇಲ್ಲ. ಆಮೇಲೆ ಅದು ಕೊಡ ಕಟ್ಟಿಕೊಂಡ ಇನ್ನೊಂದು ಸಿನಿಮಾ ಡ್ಯಾನ್ಸ್.

ಮುಗಿದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ಆ ತಂಡದ ಹುಡುಗಿಯೊಬ್ಬಳು ಸಿಕ್ಕಳು. ಯಾರು ಕಲಿಸಿದ್ರಮ್ಮ ಅಂತ ಕೇಳಿದೆ.

"ಯೂಟ್ಯೂಬ್ ನೋಡಿ ಕಲ್ತಿವ್ರಿ ಸರ್."

ಆ ಶಾಲೆಯಿಂದ ಹುಲಿಗಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹುಣ್ಣಿಮೆ ದಿನ ಹುಲಿಗೆಮ್ಮನ ಗುಡಿ ಮುಂದೆ ಚೌಡಿಕೆ ವಾದ್ಯ ಹಿಡಿದವರು, ಕೊಡ ಹೊತ್ತವರು ಎಷ್ಟು ಜನ ಬೇಕು? ಅದನ್ನೇ ಅಂದೆ. ಅವಳು ಆ ಕಡೆ ಈ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು: "ನಮ್ಮಜ್ಜಿಗೆ ಬರ್ತೈತ್ರಿ ಸರ್. ಟೀಚರ್‌ಗೆ ಹೇಳಬ್ಯಾಡ್ರಿ ಮತ್ತ."

ನಾನು ಹೇಳಲಿಲ್ಲ. ಊರಿನ ಹೆಸರನ್ನು ಇಲ್ಲಿ ಬರೆಯದಿರುವುದೂ ಅದಕ್ಕೇ.

ನೃತ್ಯ ಅಂದರೆ ಸಂಸ್ಕೃತಿಗಳ ನಡುವಿನ ಸೇತುವೆ ಅಂತ ಉದ್ಘಾಟನಾ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಆ ಸೇತುವೆಯನ್ನು ಹೊಸದಾಗಿ ಕಟ್ಟಬೇಕಿಲ್ಲ, ಇದ್ದೇ ಇದೆ. ಆದರೆ ನನಗೆ ಅದು ಒನ್‌ವೇ ರಸ್ತೆ ಥರ ಕಾಣುತ್ತದೆ. ಕೇರಿಯಿಂದ, ತಾಂಡಾದಿಂದ ಹೆಜ್ಜೆಗಳು ಶಾಲೆಗೆ ಬರುತ್ತವೆ, ಉತ್ಸವಕ್ಕೆ ಬರುತ್ತವೆ, ರೀಲ್ಸ್‌ಗೂ ಬರುತ್ತವೆ. ಅವನ್ನು ಕಲಿಸಬಲ್ಲ ಮನುಷ್ಯರು ಗೇಟಿನ ಹೊರಗೇ ಉಳಿಯುತ್ತಾರೆ.

ಮೊದಲು ಸೇತುವೆ ಗಟ್ಟಿಯಾಗಿರುವ ಕಡೆ ನೋಡೋಣ. ಮೊಹರಂ ಬಂತೆಂದರೆ ನಮ್ಮ ಸೀಮೆಗೆ ಅದು ಅಲಾಯಿ ಹಬ್ಬ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಮಸೂತಿ ಇರುತ್ತದೆ, ದೇವರು ಕೂರುತ್ತವೆ. ಮಸೂತಿ ಮುಂದೆ ಅಲಾಯಿ ಕುಣಿ ತೋಡುತ್ತಾರೆ, ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಾರೆ, ಅದರ ಸುತ್ತ ರಾತ್ರಿಯಿಡೀ ಕುಣಿತ. ಹರಕೆ ಹೊತ್ತವರು ಫಕೀರರಾಗುತ್ತಾರೆ. ಹೆಸರು ಬಸವರಾಜ, ಕಸುಬು ಟ್ರ್ಯಾಕ್ಟರ್ ಓಡಿಸುವುದು, ಹಬ್ಬ ಮುಗಿಯುವವರೆಗೆ ಫಕೀರ. 680ರಲ್ಲಿ ಕರ್ಬಲಾದಲ್ಲಿ ನಡೆದ ಕಾಳಗವನ್ನು ಕನ್ನಡದ ಮೊಹರಂ ಪದಗಳು ಹಾಡುತ್ತವೆ. ಆ ಪದಗಳಲ್ಲಿ ಹಸನ್, ಹುಸೇನ್ ನಮ್ಮೂರಿನ ಅಣ್ಣತಮ್ಮಂದಿರ ಹಾಗೇ ಇರುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ಗೆ ಈ ಹಬ್ಬ ನೋಡಲು ನೆರೆ ರಾಜ್ಯಗಳಿಂದಲೂ ಜನ ಬರುತ್ತಾರೆ.

ನಾನು ಹೆಜ್ಜೆ ಕಲಿತದ್ದು ಅಲಾಯಿ ಕುಣಿಯ ಸುತ್ತಲೇ. ಕಲಿಸಿದವರು ಅಂತ ಒಬ್ಬರ ಹೆಸರು ಹೇಳಲು ಆಗದು. ದೊಡ್ಡವರ ಸಾಲಿನ ಕೊನೆಗೆ ಸೇರಿಕೊಳ್ಳುವುದು, ಮುಂದಿನವನ ಹಿಮ್ಮಡಿ ನೋಡುವುದು. ತಪ್ಪಿದರೆ ಪಕ್ಕದವನ ಕಾಲು ತುಳಿಯುತ್ತೇವೆ, ಅವನು ಬೈಯುತ್ತಾನೆ, ಮುಂದಿನ ಸುತ್ತಿಗೆ ಸರಿಹೋಗುತ್ತದೆ. ಹಲಗೆಯ ಪೆಟ್ಟು ಬದಲಾದ ಕ್ಷಣ ಇಡೀ ಸಾಲು ಹೆಜ್ಜೆ ಬದಲಿಸಬೇಕು. ಯಾರೂ 'ರೆಡಿ, ಒನ್, ಟೂ' ಅನ್ನುವುದಿಲ್ಲ. ಕಿವಿಯಿಂದ ಕಾಲಿಗೆ ನೇರ ದಾರಿ. ಇದೂ ಒಂದು ಶಿಕ್ಷಣ ಪದ್ಧತಿಯೇ ಅಲ್ವಾ? ಪುಸ್ತಕ ಇಲ್ಲ, ಫೀಸಿಲ್ಲ, ಹಾಗಾಗಿ ನಾವು ಅದನ್ನು ಶಿಕ್ಷಣ ಅನ್ನುವುದಿಲ್ಲ, ಅಷ್ಟೇ.

ಹಬ್ಬದ ಮರುದಿನ ಪೇಪರ್‌ನಲ್ಲಿ ಭಾವೈಕ್ಯದ ಫೋಟೊ ಬರುತ್ತದೆ. ಸುಳ್ಳೇನಲ್ಲ. ಆದರೆ ಆ ಫೋಟೊದಲ್ಲಿ ಹಲಗೆ ಬಾರಿಸುವವರ ಮುಖ ಕಾಣುವುದು ಕಡಿಮೆ. ಹಲಗೆಯವರು ಬಹುಪಾಲು ಮಾದಿಗ ಕೇರಿಯವರು. ರಾತ್ರಿಯಿಡೀ ಬಾರಿಸಿದವರು ಮಸೂತಿಯ ಕಟ್ಟೆ ಹತ್ತದೆ ಕೆಳಗೇ ನಿಂತದ್ದನ್ನು ನಾನೇ ನೋಡಿದ್ದೇನೆ. ಹಿಂದೂ-ಮುಸ್ಲಿಂ ನಡುವೆ ಸರಾಗವಾಗಿ ದಾಟುವ ಹೆಜ್ಜೆ ಊರಿಗೂ ಕೇರಿಗೂ ನಡುವೆ ಎಡವುತ್ತದೆ. ಸೌಹಾರ್ದದ ಬಗ್ಗೆ ಬರೆಯುವಾಗ ನಾವು ಈ ಎರಡನೆಯದನ್ನು ಸುಮ್ನೆ ದಾಟಿಸಿಬಿಡುತ್ತೇವೆ.

ಕೇರಿಯ ಹುಡುಗರು ಈಗ ಇದಕ್ಕೆ ತಮ್ಮದೇ ಉತ್ತರ ಕೊಡುತ್ತಿದ್ದಾರೆ. ಸಾವಿನ ಮನೆಗೆ, ಗೌಡರ ಮನೆ ಕಾರ್ಯಕ್ಕೆ ಬಿಟ್ಟಿ ಹಲಗೆ ಬಾರಿಸಲ್ಲ ಅಂತ ಎಷ್ಟೋ ಊರುಗಳಲ್ಲಿ ನಿಲ್ಲಿಸಿದ್ದಾರೆ. ಅದೇ ಹುಡುಗರು ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಅದೇ ಹಲಗೆಯನ್ನು ಬೆಂಕಿಗೆ ಕಾಯಿಸಿ, ಊರೇ ಅದುರುವ ಹಾಗೆ ಬಾರಿಸುತ್ತಾರೆ. ಚರ್ಮ ಅದೇ, ಕೈ ಅದೇ. ಬೇಡ ಅನ್ನುವ ಹಕ್ಕು ಮಾತ್ರ ಹೊಸದು. ಈ ಹಕ್ಕಿನ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ, ಜೋಗತಿ ಕುಣಿತದ ಪ್ರಶ್ನೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಆ ಅಜ್ಜಿಯ ವಿಷಯ ಟೀಚರ್‌ಗೆ ಹೇಳಬೇಡಿ ಅಂತ ಮೊಮ್ಮಗಳು ಯಾಕೆ ಅಂದಳು? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸುಮಾರು 1520ರಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಅಲ್ಲಿನ ಒಂದು ನೃತ್ಯಶಾಲೆಯನ್ನು ವರ್ಣಿಸಿದ್ದಾನೆ. ಗೋಡೆಯ ಫಲಕಗಳಲ್ಲಿ ನರ್ತಕಿಯರ ಕೆತ್ತನೆ. ಒಂದೊಂದು ಫಲಕದಲ್ಲಿ ಒಂದೊಂದು ನೃತ್ಯದ ಕೊನೆಯ ಭಂಗಿ. ಕಲಿಯುವ ಹೆಣ್ಣುಮಕ್ಕಳಿಗೆ ಕೊನೆಯಲ್ಲಿ ಹೇಗೆ ನಿಲ್ಲಬೇಕು ಅಂತ ಮರೆತರೆ ಆ ಫಲಕ ನೋಡಿ ನೆನಪು ಮಾಡಿಕೊಳ್ಳಬೇಕು. ಮೈ ಸಡಿಲ ಮಾಡಿಕೊಳ್ಳಲು, ಕೈಯಲ್ಲಿ ಹಿಡಿದು ಜಗ್ಗಿ ಕಾಲು ಚಾಚಲು ಒಂದು ಜಾಗವೂ ಇತ್ತಂತೆ. ಐನೂರು ವರ್ಷದ ಹಿಂದೆ ಈ ನೆಲದಲ್ಲಿ ನೃತ್ಯಕ್ಕೆ ಪಠ್ಯಪುಸ್ತಕ ಇತ್ತು, ವ್ಯಾಯಾಮದ ಕೋಣೆ ಇತ್ತು. ಗುಡಿಯ ನರ್ತಕಿಯರಿಗೆ ಊರಲ್ಲಿ ದೊಡ್ಡ ಮರ್ಯಾದೆ ಇದೆ, ರಾಣಿಯರ ಎದುರು ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾರೆ ಅಂತಲೂ ಅವನು ಬರೆದಿದ್ದಾನೆ. ಆಗ ಎಲ್ಲಾ ಚಿನ್ನದ ಕಾಲ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಅರಮನೆಗೆ, ಗುಡಿಗೆ ಹೆಣ್ಣನ್ನು ಕೊಡುವ ವ್ಯವಸ್ಥೆ ಅದು. ಆದರೆ ಕುಣಿಯುವವಳೇ ಕಲಿಸುವವಳೂ ಆಗಿದ್ದ ಲೋಕ ಒಂದಿತ್ತು.

ಇಪ್ಪತ್ತನೇ ಶತಮಾನಕ್ಕೆ ಬನ್ನಿ. 1936ರಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಮದ್ರಾಸಿನಲ್ಲಿ ಕಲಾಕ್ಷೇತ್ರ ಶುರುಮಾಡಿದರು. ಅಲ್ಲಿಯವರೆಗೆ ಸದಿರ್ ಅಂತ ಕರೆಸಿಕೊಳ್ಳುತ್ತಿದ್ದ, ದೇವದಾಸಿಯರ ಕೈಯಲ್ಲಿದ್ದ ನೃತ್ಯ ಭರತನಾಟ್ಯ ಎಂಬ ಹೆಸರಿನಲ್ಲಿ ಮರ್ಯಾದಸ್ಥರ ಮನೆ ಹೊಕ್ಕಿತು. 1947ರಲ್ಲಿ ಮದ್ರಾಸ್ ಪ್ರಾಂತ್ಯ ದೇವದಾಸಿ ಬಿಡುವುದನ್ನು ನಿಷೇಧಿಸಿತು. ಆ ಕಾಯ್ದೆ ಗುಡಿಯ ಆವರಣದಲ್ಲಿ, ದೇವರ ಮೆರವಣಿಗೆಯಲ್ಲಿ ಹೆಂಗಸರು ಕುಣಿಯುವುದನ್ನೂ ನಿಷೇಧಿಸಿತ್ತು. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, 1953ರವರೆಗೂ. ಹೊಳೆಯ ಆಚೆ ದಡದ ಹುಲಿಗಿ ನಿಜಾಮರ ಸೀಮೆ. ಕಾಯ್ದೆ ತುಂಗಭದ್ರೆಯನ್ನು ದಾಟಲಿಲ್ಲ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ನೋಡಿ. ನೃತ್ಯಕ್ಕೆ ಸಭಾಂಗಣ ಸಿಕ್ಕಿತು, ಸಿಲೆಬಸ್ ಸಿಕ್ಕಿತು, ಪಾಸ್‌ಪೋರ್ಟೂ ಸಿಕ್ಕಿತು. ಅದನ್ನು ಅಷ್ಟು ಕಾಲ ಕಾಪಾಡಿದ ಹೆಂಗಸರಿಗೆ ಹೆಚ್ಚಾಗಿ ಸಿಕ್ಕಿದ್ದು ಕೆಟ್ಟ ಹೆಸರು. ಟಿ. ಬಾಲಸರಸ್ವತಿಯವರಂಥವರು ಅಪರೂಪ. ಆ ಮನೆತನದಿಂದಲೇ ಬಂದು, ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕಲಿಸುವವರೆಗೆ ಹೋದರು. ಉಳಿದವರ ಹೆಜ್ಜೆ ಮಾತ್ರ ಉಳಿಯಿತು.

ನಮ್ಮ ಶಾಲೆಗಳಲ್ಲಿ ಜೋಗತಿ ನೃತ್ಯಕ್ಕೆ ಈಗ ಆಗುತ್ತಿರುವುದು ಇದೇ, ಸಣ್ಣ ಪ್ರಮಾಣದಲ್ಲಿ. ಕೊಡ ಬಂತು, ಅರಿಶಿನ ಬಂತು. ಅಜ್ಜಿ ಬರಲಿಲ್ಲ.

ಹೀಗೇ ಆಗಬೇಕು ಅಂತೇನೂ ಇಲ್ಲ. ನಮ್ಮ ಕಣ್ಣೆದುರೇ ಮಾತಾ ಬಿ. ಮಂಜಮ್ಮ ಜೋಗತಿ ಇದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿದವರು. ತಾನು ಹೆಣ್ಣು ಅನ್ನಿಸತೊಡಗಿದಾಗ ಮನೆಯವರು ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು, ಅಂದರೆ ದೇವಿಗೆ ಬಿಟ್ಟರು. ಮನೆ ತಪ್ಪಿತು, ಭಿಕ್ಷೆ ಬೇಡಿದರು. ಕಾಳವ್ವ ಜೋಗತಿ ಅವರಿಗೆ ಕುಣಿತ ಕಲಿಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತಗೊಳ್ಳುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಇಡೀ ದೇಶ ಆ ವಿಡಿಯೊ ನೋಡಿತು. ನನಗೆ ಅದರಲ್ಲಿ ಹಿಡಿಸಿದ್ದು ಒಂದೇ: ಅವರು ಆ ಸಭೆಗೆ ತಕ್ಕ ಹಾಗೆ ಬದಲಾಗಲಿಲ್ಲ. ಜೋಗತಿಯಾಗಿಯೇ ಹೋದರು, ಜೋಗತಿ ಮಾಡುವುದನ್ನೇ ಅಲ್ಲೂ ಮಾಡಿದರು.

ಮದುರೈಯ ನರ್ತಕಿ ನಟರಾಜ್ ಅವರಿಗೆ 2019ರಲ್ಲಿ ಪದ್ಮಶ್ರೀ ಬಂದಿತ್ತು. ಅವರೂ ಲಿಂಗ ಬದಲಾದವರು, ಭರತನಾಟ್ಯ ಕಲಾವಿದೆ, ತಂಜಾವೂರಿನ ಕಿಟ್ಟಪ್ಪ ಪಿಳ್ಳೆಯವರ ಶಿಷ್ಯೆ. ತಮ್ಮನ್ನು ಒಳಗೆ ಬಿಟ್ಟುಕೊಳ್ಳದಿದ್ದ ಕಲೆಯ ಬಾಗಿಲು ತಟ್ಟಿ ಅವರು ಒಳಹೊಕ್ಕರು. ಮಂಜಮ್ಮ ಬೀದಿಯ ಕಲೆಯನ್ನೇ ಹೊತ್ತುಕೊಂಡು ಹೋಗಿ ವೇದಿಕೆ ಮೇಲೆ ಇಳಿಸಿದರು. ಎರಡೂ ಕಷ್ಟದ ದಾರಿಗಳೇ. ಆದರೆ ನಮ್ಮ ಶಾಲೆಗಳಿಗೆ ಹೆಚ್ಚು ಕಲಿಸುವುದು ಎರಡನೆಯದು. ಕಲೆಯ ಜೊತೆ ಕಲಾವಿದೆಯೂ ಬಂದರೆ ಮಕ್ಕಳ ಕಣ್ಣಲ್ಲಿ ಏನು ಬದಲಾಗುತ್ತದೆ? ಬಸ್ ಸ್ಟ್ಯಾಂಡಿನಲ್ಲಿ ಸೀರೆ ಉಟ್ಟ ಜೋಗಪ್ಪನನ್ನು ಕಂಡರೆ ನಗುವ ಹುಡುಗ, ಅದೇ ಮನುಷ್ಯರ ಹತ್ತಿರ "ಟೀಚರ್, ಈ ಹೆಜ್ಜೆ ಹೆಂಗ್ರಿ?" ಅಂತ ಕೇಳಬೇಕಾಗುತ್ತದೆ. ಲಿಂಗ ಸಮಾನತೆಯ ಒಂದು ಪಾಠ ಓದಿಸುವುದಕ್ಕಿಂತ ಇದು ಬೇಗ ಕೆಲಸ ಮಾಡೀತು ಅಂತ ನನ್ನ ನಂಬಿಕೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ. ಅದನ್ನು ಎತ್ತಿದವರು ಪಂಡಿತರಲ್ಲ, ರಾಯಚೂರು ಜಿಲ್ಲೆಯ ಒಬ್ಬ ಮಾಜಿ ದೇವದಾಸಿ. ಮಕ್ಕಳಿಗೆ ಚೌಡಿಕೆ ಪದ ಕಲಿಸಿದರೆ ಹೇಗೆ ಅಂತ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು: "ನಿಮಗ ಅದು ಕಲಾ ಕಾಣತೈತಿ ತಮ್ಮಾ. ನನಗ ನನ್ನ ಹನ್ನೆರಡನೇ ವರ್ಷ ಕಾಣತೈತಿ. ನನ್ನ ಮೊಮ್ಮಗಳು ಕಂಪ್ಯೂಟರ್ ಕಲೀಲಿ."

ನನ್ನ ಬಾಯಿ ಕಟ್ಟಿತು. ರಾಜ್ಯದಲ್ಲಿ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ನಡೆದ ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು ಒಟ್ಟು 46 ಸಾವಿರಕ್ಕೂ ಜಾಸ್ತಿ. ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಇವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆ ಹೆಸರಿನ ಜಾಗ ನೋಡಿಯೇ ಬೆವರುತ್ತಿದ್ದರು. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆ, ಆ ಹೆಸರು ಕೊಡಲೇಬೇಕು ಅನ್ನುವುದನ್ನು ತೆಗೆದಿದೆ. ಇಂಥ ಮನೆಯ ಹುಡುಗಿಗೆ 'ಜೋಗತಿ ಡ್ಯಾನ್ಸ್‌ಗೆ ನೀನೇ ಸರಿ' ಅಂತ ಟೀಚರ್ ಅಂದರೆ ಅವಳಿಗೆ ಏನಾಗಬಹುದು? ಆಗ ನಾವು ಸೇತುವೆ ಕಟ್ಟುತ್ತಿಲ್ಲ, ಅವಳು ದಾಟಿ ಬಂದದ್ದನ್ನು ಮುರಿದು ವಾಪಸ್ ಕಳಿಸುತ್ತಿದ್ದೇವೆ.

ಹಲಗೆಯ ಹುಡುಗರ ಮಾತು ಇಲ್ಲಿಗೆ ಬರುತ್ತದೆ. ಯಾವುದು ಕಲೆ, ಯಾವುದು ಬಿಟ್ಟಿ ಅನ್ನುವುದನ್ನು ಅದನ್ನು ಮಾಡಿದವರೇ ಹೇಳಬೇಕು. ಕಲಿಸಲು ಇಷ್ಟ ಇರುವವರು ಮರ್ಯಾದೆಯಿಂದ, ಸಂಬಳ ತಗೊಂಡು ಕಲಿಸಲಿ. ಬೇಡ ಅಂದವರನ್ನು 'ನಮ್ಮ ಪರಂಪರೆ ಉಳಿಸಿ' ಅಂತ ಪೀಡಿಸಬಾರದು. ಮುತ್ತು ಕಟ್ಟುವುದೇನು, ಅದು ಯಾಕೆ ಅಪರಾಧ ಅನ್ನುವುದನ್ನು ಹೇಳದೆ ಕೊಡ ಮಾತ್ರ ಹೊರಿಸುವ ಶಾಲೆ ಅರ್ಧ ಸುಳ್ಳು ಕಲಿಸುತ್ತಿದೆ. ಎರಡನ್ನೂ ಹೇಳಲು ಧೈರ್ಯ ಇಲ್ಲದಿದ್ದರೆ ಕೋಲಾಟ ಆಡಿಸಲಿ, ತೊಂದರೆ ಇಲ್ಲ.

ಇನ್ನು ಕಲಿಕೆಯ ವ್ಯವಸ್ಥೆ. ಪ್ರತಿಭಾ ಕಾರಂಜಿಯ ಪಟ್ಟಿಯಲ್ಲಿ ಭರತನಾಟ್ಯ ವೈಯಕ್ತಿಕ ಸ್ಪರ್ಧೆ, ಜಾನಪದ ನೃತ್ಯ ಸಾಮೂಹಿಕ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಭರತನಾಟ್ಯಕ್ಕೆ ಬರುವ ಮಗುವಿನ ಹಿಂದೆ ಒಬ್ಬ ಗುರು ಇರುತ್ತಾರೆ, ವರ್ಷಗಟ್ಟಲೆ ಫೀಸು ಇರುತ್ತದೆ, ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳ ಮೆಟ್ಟಿಲು ಇರುತ್ತದೆ. ಬಳ್ಳಾರಿ, ರಾಯಚೂರು, ಗಂಗಾವತಿಯಲ್ಲಿ ಈ ಕ್ಲಾಸುಗಳು ಚೆನ್ನಾಗಿಯೇ ನಡೆಯುತ್ತಿವೆ. ಅದು ಸಂತೋಷವೇ. ಜಾನಪದ ನೃತ್ಯದ ತಂಡದ ಹಿಂದೆ ಇರುವುದು ಒಂದು ಫೋನು, ಎರಡು ವಾರ, ಒಬ್ಬ ಪಾಪದ ಪಿಟಿ ಮೇಷ್ಟ್ರು. ಒಂದಕ್ಕೆ ಗುರು ಬೇಕು, ಇನ್ನೊಂದು ಯಾರು ಬೇಕಾದರೂ ಮಾಡಬಹುದು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಮಕ್ಕಳು ಕಲಿಯುತ್ತಾರೆ.

ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ, ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ, ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿ. ಸಿಂಧನೂರಿನ ಹಳ್ಳಿಯ ಹುಡುಗಿಗೆ ಇವು ಮೂರೂ ದೂರವೇ.

ಲಂಬಾಣಿ ಕುಣಿತದ ಕಥೆಯೂ ಬೇರೆಯಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ತಾಂಡಾದ ಹೆಂಗಸರು ಕೂತು ಕನ್ನಡಿ ಹೊಲಿಯುತ್ತಾರೆ. ನಮ್ಮ ಸ್ಪರ್ಧೆಗೆ ಬಂದ ಲಂಗಗಳು ಬಾಡಿಗೆ ಅಂಗಡಿಯವು, ಕನ್ನಡಿಯ ಬದಲು ಪ್ಲಾಸ್ಟಿಕ್ ಬಿಲ್ಲೆ. ತಂಡದಲ್ಲಿ ಇಬ್ಬರು ತಾಂಡಾದ ಹುಡುಗಿಯರಿದ್ದರು. ಅವರ ಮನೆಯವರು ಗುಳೆ ಹೋಗಿದ್ದರು. ದೀಪಾವಳಿಯಲ್ಲಿ ಮನೆಮನೆಗೆ ಹಾಡಿಕೊಂಡು ಹೋಗುವ ಹಾಡು ಬರುತ್ತಾ ಅಂತ ಕೇಳಿದೆ. ಒಬ್ಬಳು ಎರಡು ಸಾಲು ಹಾಡಿಯೇಬಿಟ್ಟಳು. ಸ್ಪೀಕರ್‌ನಲ್ಲಿ ಬಂದ ಹಾಡಿಗಿಂತ ನೂರು ಪಾಲು ಚೆನ್ನಾಗಿತ್ತು.

ಜಾಗೃತಿ ಕಾರ್ಯಕ್ರಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಲ್ಯವಿವಾಹ ಬೇಡ, ಶೌಚಾಲಯ ಕಟ್ಟಿ, ಮತ ಹಾಕಿ ಅಂತ ಇಲಾಖೆಗಳು ಜಾನಪದ ತಂಡಗಳನ್ನು ಊರೂರಿಗೆ ಕಳಿಸುತ್ತವೆ. ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತದೆ, ಒಳ್ಳೆಯದು. ಆದರೆ ಹಾಡು ಇಲಾಖೆಯದು, ರಾಗ ಕಲಾವಿದರದು. ಆ ತಂಡದಲ್ಲೇ ಹದಿನಾರಕ್ಕೆ ಮದುವೆಯಾದ ಹೆಂಗಸು ಇರುತ್ತಾಳೆ, ಅವಳ ಮಾತನ್ನು ಯಾರೂ ಕೇಳಿರುವುದಿಲ್ಲ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ನೆನಪಾಗುತ್ತಾರೆ. ಬುರ್ರಕಥೆ ಅಂದರೆ ಹಾಡುತ್ತಾ ಕಥೆ ಹೇಳುವ ತೆಲುಗು ನಾಡಿನ ಕಲೆ, ಅವರು ಕನ್ನಡದಲ್ಲಿ ಹೇಳಿದರು. ಓದು ಬರಹ ಇಲ್ಲದ ಅಲೆಮಾರಿ ಸಮುದಾಯದ ಹೆಣ್ಣುಮಗಳು, ದೊಡ್ಡ ದೊಡ್ಡ ಕಾವ್ಯಗಳು ಬಾಯಲ್ಲೇ ಇದ್ದವು. ಎರಡು ಭಾಷೆಗಳ ನಡುವೆ ಅವರು ಓಡಾಡಿದ್ದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಾಗಿರಲಿಲ್ಲ. 2014ರಲ್ಲಿ ತೀರಿಕೊಂಡರು. ಅಂಥವರು ವಾರಕ್ಕೊಮ್ಮೆ ಒಂದು ಹೈಸ್ಕೂಲಿಗೆ ಹೋಗಿ ಮಕ್ಕಳ ಜೊತೆ ಕೂರುವ ಏರ್ಪಾಡು ಇದ್ದಿದ್ದರೆ ಅಂತ ಅನ್ನಿಸುತ್ತದೆ.

ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಅದು ಬರುವುದು ವಯಸ್ಸಾದ ಮೇಲೆ, ಅಂದರೆ ಮೊಣಕಾಲು ಮಾತು ಕೇಳದಾದ ಮೇಲೆ. ಕಾಲಿನಲ್ಲಿ ಶಕ್ತಿ ಇರುವಾಗಲೇ ಕಲಿಸುವ ಕೆಲಸಕ್ಕೆ ಗೌರವಧನ ಕೊಟ್ಟರೆ ಆ ದುಡ್ಡು ಎರಡು ಕಡೆ ದುಡಿಯುತ್ತದೆ. ಅತಿಥಿ ಶಿಕ್ಷಕರನ್ನು ನೇಮಿಸಿಕೊಳ್ಳುವ ಪದ್ಧತಿ ಶಾಲೆಗಳಲ್ಲಿ ಹೇಗೂ ಇದೆ. ಹೈಸ್ಕೂಲಿನಲ್ಲಿ ಅದಕ್ಕೆ ಬಿ.ಇಡಿ. ಬೇಕು, ಅಜ್ಜಿಯ ಹತ್ತಿರ ಅದಿಲ್ಲ. ಅಜ್ಜಿಗೆ ಗೊತ್ತಿರುವುದು ಬಿ.ಇಡಿ. ಮಾಡಿದವರ ಹತ್ತಿರ ಇಲ್ಲ. ಈ ಗಂಟನ್ನು ಬಿಚ್ಚಬೇಕಾದವರು ಬೆಂಗಳೂರಿನಲ್ಲಿದ್ದಾರೆ.

ಅಲ್ಲಿಯವರೆಗೆ ಏನು? ಆ ಸ್ಪರ್ಧೆಯಾದ ಮೇಲೆ ಬೇರೆ ಊರಿನ ಒಂದು ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಈ ವಿಷಯ ಎತ್ತಿದೆ. ಅವರು ಖರ್ಚಿನ ಪುಸ್ತಕ ತೆಗೆದು ತೋರಿಸಿದರು. ವೇಷಭೂಷಣದ ಬಾಡಿಗೆ ಬರೆಯಲು ಜಾಗ ಇದೆ, ಸ್ಪೀಕರ್ ರಿಪೇರಿಗೆ ಇದೆ, ಮಕ್ಕಳನ್ನು ಕರೆದೊಯ್ಯುವ ಟಂಟಂ ಗಾಡಿಗೂ ಇದೆ. ಕಲಿಸಿದವರಿಗೆ ಕೊಟ್ಟದ್ದು ಅಂತ ಬರೆಯಲು ಇಲ್ಲ. ಕೊನೆಗೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರು ತಮ್ಮ ಜೇಬಿನಿಂದ ಕೊಡುತ್ತೇನೆ ಅಂದರು. ಆ ಊರಿನ ಪಕ್ಕದ ಹಳ್ಳಿಯ ಜೋಗತಿಯೊಬ್ಬರು ಒಪ್ಪಿದರು. ಬಸ್ ಚಾರ್ಜು, ದಿನದ ಕೂಲಿ, ಬಿಸಿಯೂಟ ಅವರ ಷರತ್ತು. ಇನ್ನೊಂದನ್ನೂ ಸೇರಿಸಿದರು: "ಲಾಡಿ ಕಟ್ಟಬಾರದ್ರಿ. ಬಿದ್ರ ಬೀಳ್ಲಿ."

ಮೊದಲ ಶನಿವಾರ ಮಕ್ಕಳಿಗೆ ಕೊಡವನ್ನೇ ಕೊಡಲಿಲ್ಲ. ತಲೆ ಮೇಲೆ ಮಡಚಿದ ಟವೆಲ್ ಇಟ್ಟು ಅಂಗಳ ಸುತ್ತಿಸಿದರು. ಎರಡನೇ ಶನಿವಾರ ಅದರ ಮೇಲೆ ಒಂದು ಸ್ಟೀಲ್ ತಾಟು. ಹದಿನೇಳು ಸಲ ಬಿತ್ತು, ಐದನೇ ಕ್ಲಾಸಿನ ಹುಡುಗರು ಕಿಟಕಿಯಲ್ಲಿ ನಿಂತು ಎಣಿಸಿದರು. ಮೂರನೇ ಶನಿವಾರ ಅವರು ಬರಲಿಲ್ಲ. ಆವತ್ತು ಹುಣ್ಣಿಮೆ, ಹುಲಿಗಿಗೆ ಹೋಗಿದ್ದರು.